ವೆಬ್‌ನಲ್ಲಿ ಬರೆಯುವುದು, ಕಾಗದಪತ್ರಕ್ಕೆ ಟಿಪ್ಪಣಿ ಹಾಕುವುದು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಾಸ್ತರರು, ಅರಿವು ಕೇಂದ್ರಕ್ಕೆ ಬರುವ ಹುಡುಗ ಹುಡುಗಿಯರು, ಬಿದರಿ ಕೆಲಸದವರು, ಸ್ವಸಹಾಯ ಸಂಘದ ಅಕ್ಕಂದಿರು, ಮನೆಯಲ್ಲಿ ಹಳೇ ಕಾಗದದ ಗಂಟು ಕಾಪಾಡಿಕೊಂಡು ಬಂದ ಹಿರಿಯರು ಕೇಳುವ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಓದಲು ಬರುವ ಪ್ರತಿಯೊಬ್ಬರಿಗೂ ವೆಬ್‌ನಲ್ಲಿ ಬರೆಯಲು, ಇನ್ನೊಬ್ಬರು ಬರೆದದ್ದರ ಪಕ್ಕದಲ್ಲಿ ತಮ್ಮ ಮಾತು ಸೇರಿಸಲು ಆಗಬೇಕು. ಬರೆದದ್ದು ಬರೆದವರ ಕೈಯಲ್ಲೇ ಉಳಿಯಬೇಕು. ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಿಸಿದ್ದೇನೆ.

ನನಗ ಕಂಪ್ಯೂಟರ್ ಭಾಷಾ ಏನೂ ಬರಂಗಿಲ್ರಿ. ಆದ್ರೂ ನಂದೊಂದು ವೆಬ್ ಪುಟ ಮಾಡಬಹುದೇನ್ರಿ?

ಧಾರಾಳವಾಗಿ ಮಾಡಬಹುದು. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು.

ಬರೆಯುವುದು ಬಲ್ಲವರ ಕೆಲಸ, ಓದುವುದಷ್ಟೇ ನಮ್ಮ ಕೆಲಸ ಎಂಬ ಹೆದರಿಕೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಚರಿತ್ರೆಯಿದೆ. 1990ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ ಕಟ್ಟಿದ, ವೆಬ್ ಪುಟ ತೆರೆದು ತೋರಿಸುವ ಮೊಟ್ಟಮೊದಲ ಬ್ರೌಸರ್‌ನಲ್ಲಿ ಓದುವ ಕಿಟಕಿಯಲ್ಲೇ ಬರೆಯಲೂ ಆಗುತ್ತಿತ್ತು. ಆದರೆ ಅದು ನೆಕ್ಸ್ಟ್ ಎಂಬ ಕಂಪ್ಯೂಟರ್‌ನಲ್ಲಿ ಮಾತ್ರ ಓಡುತ್ತಿತ್ತು. 1993ರಲ್ಲಿ ಬಂದು ಜನಪ್ರಿಯವಾದ ಬ್ರೌಸರ್ ಮೊಸಾಯಿಕ್‌ನಲ್ಲಿ ಪುಟ ಬರೆಯುವ ಸೌಲಭ್ಯ ಇರಲಿಲ್ಲ. ಪುಟಕ್ಕೆ ಟಿಪ್ಪಣಿ ಸೇರಿಸುವ ಏರ್ಪಾಡು ಅದರಲ್ಲಿತ್ತು, ಆದರೆ ಆಮೇಲೆ ಬಂದ ಬ್ರೌಸರ್‌ಗಳಲ್ಲಿ ಅದೂ ಉಳಿಯಲಿಲ್ಲ. ಹೀಗೆ ವೆಬ್ ಅರ್ಧ ಬಾಗಿಲು ಮುಚ್ಚಿಕೊಂಡೇ ಬೆಳೆಯಿತು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ತಂದ, ಓದುವವರೇ ತಿದ್ದಬಹುದಾದ ವಿಕಿ, ಬ್ಲಾಗ್ ಬರೆಯಲೆಂದು ಬಂದ 1999ರ ಬ್ಲಾಗರ್, 2003ರ ವರ್ಡ್‌ಪ್ರೆಸ್ ಒಂದೊಂದಾಗಿ ಆ ಬಾಗಿಲನ್ನು ಮತ್ತೆ ತೆರೆದವು. ಈಗ ನೀವು ಕಲಿಯಬೇಕಾದದ್ದು ಶೀರ್ಷಿಕೆ ಎಲ್ಲಿ ಬರೆಯಬೇಕು, ಮಾತು ಎಲ್ಲಿ ಬರೆಯಬೇಕು, ಪಬ್ಲಿಶ್ ಗುಂಡಿ ಎಲ್ಲಿದೆ ಎಂಬುದಷ್ಟೇ.

ವಾಟ್ಸ್ಯಾಪ್ ಗ್ರೂಪಿನಾಗ ಹಾಕಿದ್ರ ಸಾಲಂಗಿಲ್ಲೇನ್ರಿ? ಎಲ್ಲಾರೂ ಅಲ್ಲೇ ಇದ್ದಾರ.

ನಾಳೆಯ ಸಭೆಯ ಸುದ್ದಿಗೆ ಸಾಕು. ಹತ್ತು ವರ್ಷ ಬಾಳಬೇಕಾದದ್ದಕ್ಕೆ ಸಾಲದು. ಗ್ರೂಪಿನಲ್ಲಿ ಹಾಕಿದ್ದು ಗ್ರೂಪಿನ ಆಚೆ ಯಾರಿಗೂ ಹುಡುಕಿದರೆ ಸಿಗುವುದಿಲ್ಲ. ಫೋನ್ ಬದಲಾದಾಗ ಎಷ್ಟೋ ಸಲ ನಿಮಗೇ ಸಿಗುವುದಿಲ್ಲ. ವೆಬ್ ಪುಟಕ್ಕೆ ಒಂದು ವಿಳಾಸ ಇರುತ್ತದೆ. ಆ ವಿಳಾಸವನ್ನು ಗ್ರೂಪಿನಲ್ಲಿ ಹಾಕಿ. ಎರಡೂ ಕೆಲಸ ಆಗುತ್ತದೆ.

ಎಲ್ಲಿ ಬರೆಯಬೇಕು ಎಂಬುದು ಏನು ಬರೆಯುತ್ತೀರಿ ಎಂಬುದರ ಮೇಲೆ ನಿಂತಿದೆ. ಸಂಘದ ಪರಿಚಯ, ಮಾಡುವ ರೊಟ್ಟಿ ಚಟ್ನಿಪುಡಿಗಳ ಪಟ್ಟಿ, ಫೋನ್ ನಂಬರು ಇಷ್ಟೇ ಆದರೆ ಗೂಗಲ್ ಸೈಟ್ಸ್‌ನಲ್ಲಿ ಒಂದು ಪುಟ ಸಾಕು. ಮೇಲಿಂದ ಮೇಲೆ ಬರೆಯುವವರಿಗೆ ಬ್ಲಾಗರ್ ಅಥವಾ ವರ್ಡ್‌ಪ್ರೆಸ್. ಸನ್ನತಿಯ ಶಾಸನಗಳು, ಮಳಖೇಡದ ಕೋಟೆ, ಸುರಪುರದ ಅರಮನೆ ಇಂಥ ವಿಷಯಗಳಲ್ಲಿ ಅಚ್ಚಾದ ಆಧಾರ ಕೈಯಲ್ಲಿದ್ದರೆ ಕನ್ನಡ ವಿಕಿಪೀಡಿಯಕ್ಕೆ ಬರೆಯಿರಿ. ಅದು 2003ರಿಂದ ಇದೆ, ನಮ್ಮ ಮೂರು ಜಿಲ್ಲೆಗಳಿಂದ ಅದಕ್ಕೆ ಸೇರಬೇಕಾದದ್ದು ಬಹಳ ಇದೆ. ಆದರೆ ನಿಮ್ಮ ಅಜ್ಜಿ ಹೇಳಿದ ಬೀಸುವ ಕಲ್ಲಿನ ಹಾಡು, ನಿಮ್ಮ ಸ್ವಂತ ಅಭಿಪ್ರಾಯ ಅಲ್ಲಿಗೆ ಸಲ್ಲುವುದಿಲ್ಲ. ಅವಕ್ಕೆ ನಿಮ್ಮದೇ ಪುಟ ಬೇಕು.

ಒಂದನ್ನೇ ಹೇಳಿ ಎಂದರೆ ನಾನು ವರ್ಡ್‌ಪ್ರೆಸ್ ಅನ್ನುತ್ತೇನೆ. ಬರೆದದ್ದನ್ನೆಲ್ಲ ಒಂದೇ ಫೈಲಾಗಿ ಹೊರತೆಗೆದು ಇನ್ನೊಂದು ಕಡೆ ಅದೇ ತಂತ್ರಾಂಶ ಹಾಕಿಕೊಂಡು ಮುಂದುವರಿಸಬಹುದು. ಬಿಟ್ಟು ಹೋಗುವ ದಾರಿ ಇರುವ ಕಡೆಯೇ ಮನೆ ಮಾಡಬೇಕು.

ರೊಕ್ಕ ಎಷ್ಟ ಬೀಳ್ತದ?

ಮೇಲೆ ಹೇಳಿದ ಎಲ್ಲ ಕಡೆ ಶುರು ಮಾಡಲು ರೊಕ್ಕ ಬೇಡ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಪುಟದಲ್ಲಿ ಅವರ ಜಾಹೀರಾತು ಬರುತ್ತದೆ. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ಮೊದಲ ದಿನವೇ ಅದನ್ನು ತೆಗೆದುಕೊಳ್ಳುವ ಅಗತ್ಯವಿಲ್ಲ.

ಡಿಟಿಪಿ ಅಂಗಡ್ಯಾಗ ನುಡಿಯೊಳಗ ಟೈಪ್ ಮಾಡಿಸಿದ್ದು ವೆಬ್‌ನಾಗ ಹಾಕಿದ್ರ ಏನೇನೋ ಇಂಗ್ಲಿಷ್ ಅಕ್ಷರ ಬರ್ತಾವ. ಯಾಕ್ರಿ?

ನಮ್ಮ ಕಡೆ ಅತಿ ಹೆಚ್ಚು ಜನರನ್ನು ಹಿಂದಕ್ಕೆ ಹಾಕಿರುವ ತೊಡಕು ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಒಳಗಿರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ಆಕಾರ ತೊಡಿಸಿರುತ್ತಾರೆ ಅಷ್ಟೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಒಳಗಿನದು ಕಾಣುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಜಗತ್ತಿನ ಯಾವ ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವೇ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಜಾಗ ಇದೆ.

ಆದ್ದರಿಂದ ಅಂಗಡಿಯವರಿಗೆ ಮೊದಲೇ ಹೇಳಿ: “ಅಣ್ಣಾ, ಯುನಿಕೋಡ್‌ನಾಗ ಟೈಪ್ ಮಾಡಿ ಕೊಡ್ರಿ, ಫೈಲೂ ಪೆನ್‌ಡ್ರೈವ್‌ಗೆ ಹಾಕಿ ಕೊಡ್ರಿ.” ನುಡಿ, ಬರಹ ಎರಡರಲ್ಲೂ ಈಗ ಯುನಿಕೋಡ್ ಇದೆ, ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ. ಹಳೆಯ ಫೈಲ್ ಇದ್ದರೆ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಿ: ಅರ್ಕಾವತ್ತು ಇರುವ ಪದಗಳು, ಅಂಕಿಗಳು, ನಡುವೆ ಬಂದ ಇಂಗ್ಲಿಷ್ ಪದಗಳು. ಸೊನ್ನೆಯ ಜಾಗದಲ್ಲಿ ಅನುಸ್ವಾರ, ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ.

ಪಿಡಿಎಫ್ ಆದರೆ ಇನ್ನೂ ಮೋಸ. ನೋಡಲು ಚೆಂದ ಇರುತ್ತದೆ. ಪರೀಕ್ಷೆ ಸುಲಭ: ಅದರಲ್ಲಿ ಕಾಣುವ ಒಂದು ಕನ್ನಡ ಪದವನ್ನು ಹುಡುಕು ಜಾಗದಲ್ಲಿ ಟೈಪ್ ಮಾಡಿ. ಸಿಗದಿದ್ದರೆ ಅದು ಹಳೆಯ ಫಾಂಟಿನದು ಅಥವಾ ಬರೀ ಫೋಟೊ. ಅಂಥ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಗೊತ್ತು. ಒತ್ತಕ್ಷರಗಳಲ್ಲಿ ತಪ್ಪು ಇದ್ದೇ ಇರುತ್ತದೆ, ಮೂಲ ಪಕ್ಕದಲ್ಲಿಟ್ಟು ತಿದ್ದಲೇಬೇಕು.

ನಮ್ಮ ಕಡೀ ಮಾತಿನಾಗ ಬರದ್ರ ನಡೀತದೇನ್ರಿ? ಮಂದಿ ನಗಂಗಿಲ್ಲೇನು?

ಬರೆಯಿರಿ. ಕಲಬುರಗಿ ಮಾತು ವೆಬ್‌ನಲ್ಲಿ ಇನ್ನೂ ಬಹಳ ಬೇಕು. ಶೀರ್ಷಿಕೆಯಲ್ಲಿ ಮಾತ್ರ ಎಲ್ಲ ಕಡೆಯವರಿಗೂ ಗೊತ್ತಿರುವ ಪದವೊಂದು ಇರಲಿ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಹುಡುಕುವವರಿಗೂ ಪುಟ ಸಿಗುತ್ತದೆ. ಟೈಪ್ ಮಾಡಲು ಬೇಸರವಾದರೆ ಮೊಬೈಲಿನ ಗೂಗಲ್ ಕೀಲಿಮಣೆಯಾದ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ. ಆಮೇಲೆ ಓದಿ ನೋಡಿ, ನೀವು ಆಡಿದ ಪದ ಅದೇ ರೂಪದಲ್ಲಿ ಬಂದಿದೆಯೇ ಎಂದು.

ಪುಟದ ಕೆಳಗ ಕಾಮೆಂಟ್ ಬರಿಯೋದು ಗೊತ್ತದ. ಟಿಪ್ಪಣಿ ಅಂದ್ರ ಅದೇ ಅಲ್ಲೇನ್ರಿ?

ಕಾಮೆಂಟ್ ಇಡೀ ಪುಟಕ್ಕೆ ಹೇಳುವ ಮಾತು. ಟಿಪ್ಪಣಿ ಒಂದು ಸಾಲಿಗೆ, ಒಂದು ಪದಕ್ಕೆ, ಚಿತ್ರದ ಒಂದು ಮೂಲೆಗೆ ಅಂಟಿ ನಿಲ್ಲುವ ಮಾತು. “ಮೂರನೇ ಪ್ಯಾರಾದಾಗ ತಾರೀಖು ತಪ್ಪದ” ಎಂದು ಕೆಳಗೆ ಬರೆಯುವ ಬದಲು ಆ ತಾರೀಖಿನ ಮೇಲೇ ಬರೆಯುತ್ತೀರಿ.

ಇದು ನಮಗೆ ಹೊಸದೇನೂ ಅಲ್ಲ. ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರ ಗ್ರಂಥದ ಮೇಲಿನ ವ್ಯಾಖ್ಯಾನ. ಶ್ಲೋಕವೊಂದನ್ನು ಎತ್ತಿಕೊಂಡು, ಅದರ ಕೆಳಗೆ ವಿವರ ಕೊಡುತ್ತ ಹೋಗುವುದು ಅದರ ಕ್ರಮ. ಮೂಲವನ್ನು ಕೆಡಿಸಲಿಲ್ಲ. ಆ ವ್ಯಾಖ್ಯಾನವೇ ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿನ ಬುನಾದಿಯಾಯಿತು. ಮೂಲ ಹಾಗೇ ಉಳಿಯಬೇಕು, ಟಿಪ್ಪಣಿ ಅದರ ಯಾವ ಮಾತಿಗೆ ಎಂಬುದು ಸ್ಪಷ್ಟವಿರಬೇಕು, ಬರೆದವರು ಯಾರು ಎಂದು ತಿಳಿಯಬೇಕು. ಇಂದಿನ ವೆಬ್ ಟಿಪ್ಪಣಿಗೂ ಬೇಕಾದದ್ದು ಇವೇ ಮೂರು.

ಪುಟ ಬ್ಯಾರೆಯವರದು. ಅದರ ಮ್ಯಾಲ ನಾವು ಹ್ಯಾಂಗ ಬರೀಬೇಕ್ರಿ? ಅವರು ಬಿಡ್ತಾರೇನು?

ಅವರ ಪುಟ ನೀವು ಮುಟ್ಟುವುದೇ ಇಲ್ಲ. ಟಿಪ್ಪಣಿ ಬೇರೆ ಕಡೆ ಇರುತ್ತದೆ, ಓದುವಾಗ ಪುಟದ ಮೇಲೆ ಹೊಂದಿಸಿ ತೋರಿಸುತ್ತದೆ. ಇದಕ್ಕೆ ಹೈಪಾಥಿಸಿಸ್ ಎಂಬ ಉಚಿತ ಸಾಧನ ಒಳ್ಳೆಯದು. ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ಗೆ ಸೇರಿಸಿಕೊಂಡು, ಖಾತೆ ತೆರೆದು, ಬೇಕಾದ ಸಾಲನ್ನು ಆಯ್ದುಕೊಂಡರೆ ಬರೆಯುವ ಜಾಗ ಬಲಗಡೆ ತೆರೆಯುತ್ತದೆ. ವೆಬ್ ಪುಟಕ್ಕೂ ಆಗುತ್ತದೆ, ಅಕ್ಷರ ಸರಿಯಾಗಿರುವ ಪಿಡಿಎಫ್‌ಗೂ ಆಗುತ್ತದೆ. ಬರೆಯುವ ಮೊದಲು ಒಂದು ನೋಡಿ: ನೀವಾಗಿ ಬದಲಿಸದಿದ್ದರೆ ಟಿಪ್ಪಣಿ ಎಲ್ಲರಿಗೂ ಕಾಣುವ ಸಾರ್ವಜನಿಕ ಟಿಪ್ಪಣಿಯಾಗುತ್ತದೆ. ನಿಮಗಷ್ಟೇ ಅಥವಾ ನಿಮ್ಮ ಗುಂಪಿಗಷ್ಟೇ ಎಂದು ಆರಿಸಿಕೊಳ್ಳಬಹುದು. ಶಾಲೆಯ ತರಗತಿಗೆ ಗುಂಪೇ ಸರಿ. ಹತ್ತನೇ ತರಗತಿಯ ಮಕ್ಕಳು ಒಂದೇ ಪಾಠದ ಮೇಲೆ ತಮ್ಮ ತಮ್ಮ ಅನುಮಾನ ಬರೆದರೆ, ಎಲ್ಲರೂ ಎಡವಿದ ಸಾಲು ಯಾವುದು ಎಂದು ಮಾಸ್ತರರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಸಾಲಿಗೆ ಟಿಪ್ಪಣಿ ಅಂಟುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ 2017ರ ಫೆಬ್ರವರಿಯಲ್ಲಿ ಟಿಪ್ಪಣಿಗೆಂದೇ ಒಂದು ಮಾನದಂಡ ಹೊರತಂದಿತು. ಅದರಂತೆ, ನೀವು ಆಯ್ದ ಮಾತನ್ನೂ ಅದರ ಹಿಂದೆ ಮುಂದೆ ಇರುವ ಒಂದಷ್ಟು ಅಕ್ಷರಗಳನ್ನೂ ಟಿಪ್ಪಣಿಯ ಜೊತೆ ಬರೆದಿಡಬಹುದು. ಪುಟದವರು ಮೇಲೆ ಎರಡು ಪ್ಯಾರಾ ಸೇರಿಸಿದರೂ ಮಾತು ಹುಡುಕಿಕೊಂಡು ಟಿಪ್ಪಣಿ ತನ್ನ ಜಾಗಕ್ಕೆ ಬರುತ್ತದೆ. ಆ ಸಾಲನ್ನೇ ಅಳಿಸಿದರೆ ಟಿಪ್ಪಣಿ ಅನಾಥವಾಗುತ್ತದೆ. ಅದಕ್ಕೇ ಮುಖ್ಯ ಟಿಪ್ಪಣಿಯಲ್ಲಿ ಮೂಲದ ಸಾಲನ್ನೂ ಒಮ್ಮೆ ಬರೆದುಬಿಡಿ. ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ಕನ್ನಡ ಟಿಪ್ಪಣಿ ಕೈಕೊಡುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಹುಡುಕಬೇಕಾದ ಕನ್ನಡವೇ ಅದರೊಳಗಿಲ್ಲ.

ಬರೆಯುವುದೇನಿಲ್ಲ, ಈ ಸಾಲು ನೋಡು ಎಂದು ಗೆಳೆಯರಿಗೆ ತೋರಿಸಬೇಕಷ್ಟೇ ಎಂದರೆ ಇಷ್ಟೆಲ್ಲ ಬೇಡ. ಕ್ರೋಮ್‌ನಲ್ಲಿ ಸಾಲನ್ನು ಆಯ್ದು ಬಲ ಕ್ಲಿಕ್ ಮಾಡಿ, “ಕಾಪಿ ಲಿಂಕ್ ಟು ಹೈಲೈಟ್” ಒತ್ತಿ, ಆ ಲಿಂಕ್ ಕಳಿಸಿ. ಅವರು ತೆರೆದಾಗ ಪುಟ ನೇರ ಆ ಸಾಲಿಗೇ ಹೋಗಿ ನಿಲ್ಲುತ್ತದೆ.

ಮೊಬೈಲಿನಾಗ ಪಿಡಿಎಫ್ ಮ್ಯಾಲ ಗೆರಿ ಎಳದು ಕಳಸಿದ್ದೆ. ಅವರಿಗೆ ಏನೂ ಕಾಣ್ಸಂಗಿಲ್ಲ ಅಂತಾರ.

ಕೆಲವು ಆ್ಯಪ್‌ಗಳು ಗೆರೆಯನ್ನು ತಮ್ಮಲ್ಲೇ ಇಟ್ಟುಕೊಂಡು, ಫೈಲನ್ನು ಹಾಗೇ ಬಿಡುತ್ತವೆ. “ಸೇವ್ ಎ ಕಾಪಿ” ಮಾಡಿ, ಆ ಹೊಸ ಪ್ರತಿಯನ್ನು ಕಳಿಸಿ. ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಇಷ್ಟಾದರೂ ಕಾಣದಿದ್ದರೆ ಪ್ರಿಂಟ್‌ಗೆ ಹೋಗಿ ಮತ್ತೆ ಪಿಡಿಎಫ್ ಆಗಿ ಉಳಿಸಿ, ಗೆರೆ ಪುಟದಲ್ಲೇ ಅಚ್ಚಾಗಿ ಕೂರುತ್ತದೆ. ಕಂಪ್ಯೂಟರ್ ಇದ್ದರೆ ಫೈರ್‌ಫಾಕ್ಸ್ ಬ್ರೌಸರ್‌ನಲ್ಲೇ ಪಿಡಿಎಫ್ ತೆರೆದು ಬರೆಯಬಹುದು, ಬೇರೆ ತಂತ್ರಾಂಶ ಬೇಡ.

ಒಂದ ಅರ್ಜಿ ಎಂಟು ಹತ್ತು ಮಂದಿ ಸೇರಿ ತಿದ್ದಬೇಕಾಗ್ಯದ. ಹ್ಯಾಂಗ?

ಗೂಗಲ್ ಡಾಕ್ಸ್‌ನಲ್ಲಿ ಒಂದೇ ಪ್ರತಿ ಇಟ್ಟು ಲಿಂಕ್ ಹಂಚಿ. ಹಂಚುವಾಗ ಮೂರು ಬಗೆಯ ಹಕ್ಕು ಇವೆ: ನೋಡುವುದು, ಕಾಮೆಂಟ್ ಮಾಡುವುದು, ತಿದ್ದುವುದು. ತಿದ್ದುವ ಹಕ್ಕನ್ನು ಇಬ್ಬರಿಗೆ ಮಾತ್ರ ಕೊಡಿ, ಉಳಿದವರಿಗೆ ಕಾಮೆಂಟ್ ಹಕ್ಕು. ಅವರು ಸಲಹೆ ರೂಪದಲ್ಲಿ ಬದಲಾವಣೆ ಬರೆಯಬಹುದು, ನೀವು ಒಪ್ಪಿದರಷ್ಟೇ ಸೇರುತ್ತದೆ. ಏನಾದರೂ ಅಳಿಸಿಹೋದರೆ ಆವೃತ್ತಿ ಚರಿತ್ರೆಯಿಂದ ವಾಪಸ್ ತರಬಹುದು.

ನೆಟ್ ಸರಿಯಿಲ್ಲದ ಹಳ್ಳಿಗೆ ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶ ಲಿಬ್ರೆಆಫೀಸ್ ಮೇಲು. ಉಚಿತ, ಕನ್ನಡದಲ್ಲೂ ಸಿಗುತ್ತದೆ, ನೆಟ್ ಇಲ್ಲದೆ ನಡೆಯುತ್ತದೆ. ಕಂಟ್ರೋಲ್, ಆಲ್ಟ್, ಸಿ ಒಟ್ಟಿಗೆ ಒತ್ತಿದರೆ ಅಂಚಿನಲ್ಲಿ ಟಿಪ್ಪಣಿ ತೆರೆಯುತ್ತದೆ. ಆಗ ಫೈಲ್ ಒಬ್ಬರಿಂದ ಒಬ್ಬರಿಗೆ ಸರದಿಯಲ್ಲಿ ಹೋಗಬೇಕು, ಹೆಸರಿನ ಕೊನೆಗೆ ತಾರೀಖು ಹಾಕಬೇಕು. “ಫೈನಲ್”, “ಫೈನಲ್ 2” ಎಂದು ಹೆಸರಿಟ್ಟರೆ ಯಾವುದು ಕೊನೆಯದೆಂದು ಯಾರಿಗೂ ತಿಳಿಯುವುದಿಲ್ಲ.

ಮುತ್ಯಾನ ಕಾಲದ ಜಮೀನಿನ ಕಾಗದ ಉರ್ದುವಿನಾಗ, ಮೋಡಿಯೊಳಗ ಅವ. ನಮಗ ಯಾರಿಗೂ ಓದಾಕ ಬರಂಗಿಲ್ಲ.

ಈ ಪ್ರಶ್ನೆ ನಮ್ಮ ಭಾಗದ್ದೇ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದಲ್ಲಿ ಸರ್ಕಾರಿ ಭಾಷೆ ಉರ್ದು, ಬೀದರ್ ಕಡೆ ಮೋಡಿ ಲಿಪಿಯ ಮರಾಠಿಯೂ ಉಂಟು. ಮುತ್ಯಾ ಓದುತ್ತಿದ್ದ ಕಾಗದ ಮೊಮ್ಮಕ್ಕಳಿಗೆ ಮೂಕವಾಗಿದೆ. ಉರ್ದು ಓದಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ಮೊದಲು ಫೋಟೊ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕಾಗದ ಸಪಾಟಾಗಿ ಹಾಸಿ, ಮೇಲಿನಿಂದ ನೇರವಾಗಿ ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ, ಮೊಹರು, ಷರಾ ಅಲ್ಲಿರಬಹುದು. ಪ್ರತಿ ಫೋಟೊಗೆ ನಂಬರು ಕೊಡಿ. ಈ ಮೂಲ ಫೋಟೊಗಳ ಮೇಲೆ ಏನನ್ನೂ ಬರೆಯಬೇಡಿ, ಬರೆಯುವುದೆಲ್ಲ ಪ್ರತಿಯ ಮೇಲೆ.

ಆಮೇಲೆ ಓದಬಲ್ಲವರ ಪಕ್ಕ ಕೂತು ಸಾಲು ಸಾಲಾಗಿ ಮೂರು ಬಗೆಯಲ್ಲಿ ಬರೆಯಿರಿ: ಮೂಲದ ಮಾತು ಅದೇ ಲಿಪಿಯಲ್ಲಿ, ಅದರ ಉಚ್ಚಾರ ಕನ್ನಡ ಲಿಪಿಯಲ್ಲಿ, ಅದರ ಅರ್ಥ ಕನ್ನಡದಲ್ಲಿ. ಮೋಡಿ ಯುನಿಕೋಡ್‌ಗೆ ಸೇರಿದ್ದು 2014ರಲ್ಲಿ, ಫಾಂಟ್ ಸಿಗದಿದ್ದರೆ ದೇವನಾಗರಿಯಲ್ಲಿ ಬರೆದುಕೊಳ್ಳಿ. ಕೈಬರಹದ ಉರ್ದುವನ್ನು ಯಂತ್ರದ ಓದಿಗೆ ಒಪ್ಪಿಸಬೇಡಿ. ಓದಲಾಗದ ಪದವನ್ನು ಊಹಿಸಿ ತುಂಬದೆ ಖಾಲಿ ಬಿಟ್ಟು ಪ್ರಶ್ನೆ ಚಿಹ್ನೆ ಹಾಕಿ. ಓದಿ ಹೇಳಿದವರ ಹೆಸರು, ದಿನ ಬರೆಯಿರಿ. ಉರ್ದು ಮತ್ತು ಕನ್ನಡ ಒಂದೇ ಸಾಲಿನಲ್ಲಿ ಬಂದರೆ ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓಡಿ ಅಂಕಿಗಳು ಅದಲುಬದಲಾಗಬಹುದು. ಉರ್ದುವಿಗೆ ಪ್ರತ್ಯೇಕ ಪ್ಯಾರಾ ಮಾಡಿ, ಬಲದಿಂದ ಎಡಕ್ಕೆ ಎಂಬ ಗುಂಡಿ ಒತ್ತಿ.

ಇಸವಿ ನೋಡಿ ಗಾಬರಿಯಾಗಬೇಡಿ. ಅಲ್ಲಿರುವುದು ಬಹುಮಟ್ಟಿಗೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಹತ್ತಿರಕ್ಕೆ ಸಿಗುತ್ತದೆ. ಫಸಲಿ 1357 ಅಂದರೆ 1947-48. ಇಂಥ ಒಂದು ಟಿಪ್ಪಣಿ ಅಂಚಿನಲ್ಲಿದ್ದರೆ ಮುಂದೆ ಓದುವವರ ಅರ್ಧ ಕಷ್ಟ ಕಳೆಯುತ್ತದೆ.

ಎರಡು ಎಚ್ಚರಿಕೆ. ನಿಮ್ಮ ಟಿಪ್ಪಣಿ ತಿಳಿವಳಿಕೆಗೆ ಮಾತ್ರ, ಕೋರ್ಟಿಗೆ ಬೇಕಾದಾಗ ಕಚೇರಿಯಿಂದ ದೃಢೀಕೃತ ಪ್ರತಿ ಪಡೆದು ವಕೀಲರನ್ನು ಕೇಳಿ. ಮತ್ತೆ, ಮನೆತನದ ಜಮೀನಿನ ಕಾಗದವನ್ನು ಬಯಲು ವೆಬ್‌ನಲ್ಲಿ ಹಾಕಬೇಡಿ. ಅಣ್ಣತಮ್ಮಂದಿರಿಗಷ್ಟೇ ಕಾಣುವಂತೆ ಹಂಚಿ.

ಬಿದರಿ ಕೆಲಸ ಫೋಟೊದ ಮ್ಯಾಲೇ ಬರದು ತೋರಿಸಬಹುದೇನ್ರಿ?

ಆಗುತ್ತದೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಫೋಟೊ ಹಾಕಿದರೆ, ಅದರ ಒಂದು ಭಾಗಕ್ಕೆ ಚೌಕ ಎಳೆದು ಅಲ್ಲೇ ಟಿಪ್ಪಣಿ ಬರೆಯುವ ಸೌಲಭ್ಯವಿದೆ. ಸತುವಿಗೆ ತುಸು ತಾಮ್ರ ಬೆರೆಸಿದ ಎರಕ, ಉಳಿಯಿಂದ ಕೆತ್ತಿದ ಬಳ್ಳಿ, ಕೆತ್ತಿದ ಗೆರೆಯಲ್ಲಿ ಕೂರಿಸಿದ ಬೆಳ್ಳಿ ತಂತಿ, ನವಸಾಗರ ಬೆರೆಸಿದ ಕೋಟೆ ಮಣ್ಣಿನಿಂದ ಬಂದ ಕಪ್ಪು. ಇವನ್ನು ಒಂದು ಹೂಜಿಯ ಮೇಲೇ ತೋರಿಸಿದರೆ ನೋಡುವವರಿಗೆ ಬೆಲೆ ಯಾಕೆ ಅಷ್ಟು ಎಂದು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಒಂದು ತಿಳಿದಿರಲಿ: ಕಾಮನ್ಸ್‌ಗೆ ಹಾಕಿದ ಫೋಟೊವನ್ನು ಯಾರಾದರೂ, ವ್ಯಾಪಾರಕ್ಕೂ, ಬಳಸಬಹುದು. ಕೆಲಸದ ಹಂತಗಳ ಫೋಟೊ ಅಲ್ಲಿ ಹಾಕಿ. ನಿಮ್ಮ ಹೊಸ ನಮೂನೆಯನ್ನು ನಿಮ್ಮ ಪುಟದಲ್ಲೇ ಇಟ್ಟುಕೊಳ್ಳಿ.

ಅರ್ಜಿ ಜೋಡಿ ಆಧಾರ್ ಹಾಕಬೇಕಾದ್ರ ನಂಬರಿನ ಮ್ಯಾಲ ಕರೀ ಪಟ್ಟಿ ಎಳದ್ರ ಸಾಕೇನ್ರಿ?

ಸಾಲದು. ಪಿಡಿಎಫ್‌ನಲ್ಲಿ ಪಟ್ಟಿ ಟಿಪ್ಪಣಿಯಾಗಿ ಮೇಲೆ ಕೂತಿರುತ್ತದೆ, ಕೆಳಗಿನ ಅಂಕಿ ಹಾಗೇ ಇರುತ್ತದೆ. ಪಟ್ಟಿ ಸರಿಸಿದರೆ ಅಥವಾ ಕಾಪಿ ಮಾಡಿ ಅಂಟಿಸಿದರೆ ನಂಬರು ಹೊರಬರುತ್ತದೆ. ಆಧಾರ್ ಜಾಲತಾಣದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಅದನ್ನೇ ಬಳಸಿ. ಬೇರೆ ಕಾಗದವಾದರೆ ಪ್ರಿಂಟ್ ತೆಗೆದು, ಪೆನ್ನಿನಿಂದ ಪೂರ್ತಿ ಮುಚ್ಚಿ, ಮತ್ತೆ ಸ್ಕ್ಯಾನ್ ಮಾಡಿ. ಮಕ್ಕಳ ಹೆಸರು, ಬ್ಯಾಂಕ್ ಖಾತೆ, ಫಲಾನುಭವಿಗಳ ಪಟ್ಟಿ ಯಾವುದನ್ನೂ ಸಾರ್ವಜನಿಕ ಪುಟಕ್ಕೆ ಹಾಕಬೇಡಿ.

ವಚನಗಳು ಹಾಕಿ ಅರ್ಥ ಬರೀಬೇಕಂತೀನಿ. ಯಾರರೆ ಕೇಸ್ ಹಾಕ್ತಾರೇನ್ರಿ?

12ನೇ ಶತಮಾನದ ವಚನ ಯಾರ ಸ್ವತ್ತೂ ಅಲ್ಲ. ಆದರೆ ಇಂದಿನವರು ಸಂಪಾದಿಸಿದ ಪುಸ್ತಕದ ಮುನ್ನುಡಿ, ಅರ್ಥ, ಅಡಿಟಿಪ್ಪಣಿ ಅವರದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಹಾಗಾಗಿ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಮುಕ್ತ. ನೀವು ಬರೆಯುವ ಅರ್ಥ ನಿಮ್ಮದೇ ಆಗಿದ್ದರೆ ಯಾರ ಹೆದರಿಕೆಯೂ ಬೇಡ. ವಚನವನ್ನು ಯಾವ ಪುಸ್ತಕದಿಂದ ತೆಗೆದುಕೊಂಡಿರಿ ಎಂದು ಮಾತ್ರ ಹೇಳಿ, ಪಾಠಾಂತರ ಇರುವುದರಿಂದ ಅದು ಓದುಗರಿಗೆ ಬೇಕು.

ಹಕ್ಕು ಮುಗಿದ ಹಳೆಯ ಪುಸ್ತಕ ಸಿಕ್ಕರೆ ಅಂಥ ಪುಸ್ತಕಗಳ ಉಚಿತ ವೆಬ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಕೊಡಿ. ಅಲ್ಲಿ ಎಡಗಡೆ ಟೈಪ್, ಬಲಗಡೆ ಮೂಲದ ಚಿತ್ರ ಇಟ್ಟು ತಿದ್ದುತ್ತಾರೆ. ಕೆಂಪು ಪುಟ ತಿದ್ದಿಲ್ಲದ್ದು, ಹಳದಿ ಒಬ್ಬರು ತಿದ್ದಿದ್ದು, ಹಸಿರು ಇನ್ನೊಬ್ಬರೂ ನೋಡಿ ಒಪ್ಪಿದ್ದು. ಕಾಲೇಜು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಅಭ್ಯಾಸ ನನಗೆ ಕಾಣುವುದಿಲ್ಲ.

ಕಣ್ಣು ಕಾಣದವರು ನಮ್ಮ ಪುಟ ಓದ್ತಾರೇನ್ರಿ?

ಕಿವಿಯಿಂದ ಓದುತ್ತಾರೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಉಚಿತವಾದ ಎನ್‌ವಿಡಿಎ ಕನ್ನಡವನ್ನು ದನಿಯಾಗಿ ಓದಿ ಹೇಳುತ್ತವೆ, ಯುನಿಕೋಡ್ ಆಗಿದ್ದರೆ ಮಾತ್ರ. ಶೀರ್ಷಿಕೆಯನ್ನು ದಪ್ಪ ಅಕ್ಷರದಿಂದ ಮಾಡದೆ ಹೆಡಿಂಗ್ ಆಯ್ಕೆಯಿಂದಲೇ ಮಾಡಿ, ಪ್ರತಿ ಚಿತ್ರಕ್ಕೆ ಒಂದು ಸಾಲಿನ ವಿವರ ಕೊಡಿ. ನೋಟಿಸಿನ ಫೋಟೊ ಮಾತ್ರ ಹಾಕಿದರೆ ಅವರ ಪಾಲಿಗೆ ಪುಟ ಖಾಲಿ.

ನಾಳೆ ಆ ಕಂಪನಿ ಬಂದ್ ಆದ್ರ ನಾವು ಬರದಿದ್ದು ಎಲ್ಲಿ ಹೋಗ್ತದ?

ಹೋಗಿಯೇ ಬಿಡಬಹುದು. ಜಿಯೋಸಿಟೀಸ್‌ನಲ್ಲಿ ಸಾಮಾನ್ಯ ಜನ ಕಟ್ಟಿದ ಲಕ್ಷಾಂತರ ಪುಟಗಳಿದ್ದವು. ಯಾಹೂ 2009ರಲ್ಲಿ ಅದನ್ನು ಮುಚ್ಚಿತು. ಜನ ಬರೆದು ಹಂಚಿಕೊಳ್ಳುತ್ತಿದ್ದ ಗೂಗಲ್ ಪ್ಲಸ್ ಜಾಲತಾಣ ಜನಸಾಮಾನ್ಯರ ಪಾಲಿಗೆ 2019ರಲ್ಲಿ ಮುಚ್ಚಿತು. ಆದ್ದರಿಂದ ಬರೆದದ್ದರ ಒಂದು ಪ್ರತಿ ನಿಮ್ಮ ಪೆನ್‌ಡ್ರೈವ್‌ನಲ್ಲಿ ಸದಾ ಇರಲಿ. ವರ್ಡ್‌ಪ್ರೆಸ್, ಬ್ಲಾಗರ್ ಎರಡರಲ್ಲೂ ಬರೆದದ್ದನ್ನು ಹೊರತೆಗೆಯುವ ದಾರಿ ಇದೆ, ಗೂಗಲ್‌ನ ಉಳಿದ ಸೇವೆಗಳಲ್ಲಿರುವ ನಿಮ್ಮದನ್ನು ಇಳಿಸಿಕೊಳ್ಳಲು ಟೇಕ್‌ಔಟ್ ಇದೆ. ಹೈಪಾಥಿಸಿಸ್ ಟಿಪ್ಪಣಿಗಳ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ಜೊತೆಗೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಹೋಗಿ “ಸೇವ್ ಪೇಜ್ ನೌ” ಎಂಬಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ ಅಲ್ಲೊಂದು ಪ್ರತಿ ಸೇರುತ್ತದೆ.

ಒಮ್ಮೆ ಹಾಕಿದ ಮ್ಯಾಲ ತೆಗೀಬೇಕನಿಸಿದ್ರ?

ನಿಮ್ಮ ಪುಟವನ್ನು, ನಿಮ್ಮ ಟಿಪ್ಪಣಿಯನ್ನು ಯಾವಾಗ ಬೇಕಾದರೂ ಅಳಿಸಬಹುದು. ಗೂಗಲ್ ಹುಡುಕಾಟದಿಂದ ಅದು ಮಾಯವಾಗಲು ಒಂದಷ್ಟು ದಿನ ಬೇಕಾಗುತ್ತದೆ. ವಿಕಿಪೀಡಿಯದಲ್ಲಿ ಹಾಗಲ್ಲ, ಪ್ರತಿ ತಿದ್ದುಪಡಿಯ ಚರಿತ್ರೆ ನಿಮ್ಮ ಬಳಕೆದಾರ ಹೆಸರಿನೊಂದಿಗೆ ಉಳಿಯುತ್ತದೆ. ಸ್ವಂತ ಹೆಸರು ಕಾಣುವುದು ಬೇಡ ಎನ್ನುವವರು ಖಾತೆ ತೆರೆಯುವಾಗಲೇ ಬೇರೆ ಹೆಸರು ಆರಿಸಿಕೊಳ್ಳಿ.